ಜೂಜಿನ ಜಾಹೀರಾತು ಮತ್ತು ಮಕ್ಕಳ ರಕ್ಷಣೆ: ಬ್ರಿಟನ್ನಿನ ಅನುಭವದ ವಿವೇಚನೆ

ಜೂಜನ್ನು ಪೂರ್ಣವಾಗಿ ನಿಷೇಧಿಸದ ದೇಶಗಳಲ್ಲಿ ಒಂದು ತೊಡಕು ಕಾಣಬರುತ್ತದೆ. ವಯಸ್ಕರಿಗೆ ಜೂಜು ಶಾಸನಸಮ್ಮತವಾದ ವ್ಯವಹಾರ. ಮಕ್ಕಳಿಗೆ ಅದು ನಿಷಿದ್ಧ. ಜೂಜಿನ ಅಂಗಡಿಯ ಬಾಗಿಲಲ್ಲಿ ವಯಸ್ಸನ್ನು ವಿಚಾರಿಸಿ ತಡೆಯಬಹುದು. ಜಾಹೀರಾತಿಗೆ ಅಂಥ ಬಾಗಿಲಿಲ್ಲ. ಅದು ತಂದೆಯ ಕಣ್ಣಿಗೂ ಮಗನ ಕಣ್ಣಿಗೂ ಏಕಕಾಲದಲ್ಲಿ ಬೀಳುತ್ತದೆ. ಹೀಗಿರುವಲ್ಲಿ ಮಕ್ಕಳ ರಕ್ಷಣೆ ಹೇಗೆ ಸಾಧ್ಯವೆಂಬುದನ್ನು, ಬ್ರಿಟನ್ನಿನ ಪ್ರಯತ್ನಗಳನ್ನು ಆಧಾರವಾಗಿಟ್ಟುಕೊಂಡು, ಇಲ್ಲಿ ನಾವು ವಿವೇಚಿಸುತ್ತೇವೆ.

ಬ್ರಿಟನ್ನಿನ 2005ರ ಜೂಜು ಶಾಸನವು ಮೂರು ಧ್ಯೇಯಗಳನ್ನು ಮುಂದಿಡುತ್ತದೆ: ಜೂಜು ಅಪರಾಧಕ್ಕೆ ಆಸರೆಯಾಗದಂತೆ ತಡೆಯುವುದು, ಅದು ನ್ಯಾಯವಾಗಿಯೂ ಮುಕ್ತವಾಗಿಯೂ ನಡೆಯುವಂತೆ ನೋಡಿಕೊಳ್ಳುವುದು, ಮಕ್ಕಳನ್ನೂ ದುರ್ಬಲರನ್ನೂ ಹಾನಿ ಹಾಗೂ ಶೋಷಣೆಗಳಿಂದ ಕಾಪಾಡುವುದು. ಆದರೆ ಇದೇ ಶಾಸನವು 2007ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದಾಗ ದೂರದರ್ಶನದಲ್ಲಿ ಜೂಜಿನ ಜಾಹೀರಾತಿಗೆ ಹಿಂದಿಗಿಂತ ವಿಶಾಲವಾದ ಅವಕಾಶ ದೊರೆಯಿತು. ಜಾಹೀರಾತಿನ ಬಗೆಗಿನ ಸೂಕ್ಷ್ಮ ನಿಯಮಗಳು ಬಹುಮಟ್ಟಿಗೆ ಜಾಹೀರಾತು ಸಂಹಿತೆಗಳ ಪಾಲಿಗೆ ಬಂದವು. ಆ ಸಂಹಿತೆಗಳ ಪ್ರಶ್ನೆ ಎರಡು: ಜಾಹೀರಾತನ್ನು ಎಲ್ಲಿ ಪ್ರಕಟಿಸಬಹುದು? ಅದರಲ್ಲಿ ಏನಿರಬಹುದು?

ಮೊದಲನೆಯ ಪ್ರಶ್ನೆಗೆ ಉತ್ತರ ಅನುಪಾತದ ರೂಪದಲ್ಲಿದೆ. ಪತ್ರಿಕೆ, ಅಂತರ್ಜಾಲ ಮುಂತಾದ ಮಾಧ್ಯಮಗಳಲ್ಲಿ, ಓದುಗರ ಅಥವಾ ನೋಡುಗರ ಪೈಕಿ 18 ವರ್ಷಕ್ಕೆ ಕೆಳಗಿನವರು ಶೇಕಡ 25ನ್ನು ಮೀರುವೆಡೆ ಜೂಜಿನ ಜಾಹೀರಾತು ಸಲ್ಲದು. ಈ ಅಳತೆಯ ದೋಷವನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. 10,000 ಓದುಗರಿರುವ ಪತ್ರಿಕೆಯಲ್ಲಿ ಶೇಕಡ 30 ಮಂದಿ ಮಕ್ಕಳಾದರೆ ಅಲ್ಲಿ ಜಾಹೀರಾತು ನಿಷಿದ್ಧ. ರಕ್ಷಣೆ ದೊರೆತವರು 3,000 ಮಕ್ಕಳು. 40 ಲಕ್ಷ ಜನ ನೋಡುವ ಕ್ರೀಡಾ ತಾಣದಲ್ಲಿ ಶೇಕಡ 10 ಮಂದಿ ಮಕ್ಕಳಾದರೆ ಅಲ್ಲಿ ಜಾಹೀರಾತಿಗೆ ಅಡ್ಡಿಯಿಲ್ಲ; ಅದು ತಲುಪುವುದು 4 ಲಕ್ಷ ಮಕ್ಕಳನ್ನು. ನಿಯಮ ಅಕ್ಷರಶಃ ಪಾಲನೆಯಾದರೂ ಶಾಸನದ ಧ್ಯೇಯ ಸಿದ್ಧಿಸಲಿಲ್ಲ.

ಎರಡನೆಯ ಪ್ರಶ್ನೆಯಲ್ಲಿ ಒಂದು ಮುಖ್ಯ ಬದಲಾವಣೆ 2022ರ ಅಕ್ಟೋಬರಿನಲ್ಲಾಯಿತು. ಅದಕ್ಕೆ ಮೊದಲು, ವಯಸ್ಕರಿಗಿಂತ ಮಕ್ಕಳನ್ನೇ ಹೆಚ್ಚಾಗಿ ಸೆಳೆಯುವ ಜಾಹೀರಾತಿಗೆ ಮಾತ್ರ ತಡೆಯಿತ್ತು. ಹೆಸರಾಂತ ಕಾಲ್ಚೆಂಡಿನ ಆಟಗಾರನು ಇಬ್ಬರಿಗೂ ಪ್ರಿಯನಾದ್ದರಿಂದ ಈ ಬಲೆಗೆ ಸಿಲುಕುತ್ತಿರಲಿಲ್ಲ. ಹೊಸ ನಿಯಮವು ತುಲನೆಯನ್ನು ಕೈಬಿಟ್ಟಿತು. ವಯಸ್ಕರಿಗೆ ಎಷ್ಟೇ ಪ್ರಿಯವಾಗಿರಲಿ, ಮಕ್ಕಳನ್ನು ಬಲವಾಗಿ ಸೆಳೆಯುವುದಾದರೆ ಅದು ಸಲ್ಲದು. ಇದರಿಂದ ಅಗ್ರಶ್ರೇಣಿಯ ಆಟಗಾರರು ಇಂಥ ಜಾಹೀರಾತುಗಳಿಂದ ದೂರವಾಗಬೇಕಾಯಿತು. ತುಲನೆಯಿಂದ ಪರಿಣಾಮದ ಕಡೆಗೆ ಸಾಗಿದ ಈ ಹೆಜ್ಜೆಯನ್ನು ನಾವು ತತ್ತ್ವತಃ ಮಹತ್ತ್ವದ್ದೆಂದು ಭಾವಿಸುತ್ತೇವೆ.

ಉದ್ಯಮವು ತಾನಾಗಿ ಒಪ್ಪಿಕೊಂಡ ಕಟ್ಟಳೆಗಳೂ ಉಂಟು. 2019ರ ಆಗಸ್ಟಿನಿಂದ, ರಾತ್ರಿ 9 ಗಂಟೆಗೆ ಮುಂಚೆ ಆರಂಭವಾಗುವ ಪಂದ್ಯಗಳ ನೇರಪ್ರಸಾರದಲ್ಲಿ, ಆಟಕ್ಕೆ 5 ನಿಮಿಷ ಮೊದಲಿನಿಂದ ಮುಗಿದ 5 ನಿಮಿಷದವರೆಗೆ ಜೂಜಿನ ಜಾಹೀರಾತನ್ನು ನಿಲ್ಲಿಸಲಾಯಿತು. ಕುದುರೆ ಮತ್ತು ನಾಯಿಗಳ ಓಟಕ್ಕೆ ಇದರಿಂದ ವಿನಾಯಿತಿಯಿತ್ತು. ಆದರೆ ಮೈದಾನದ ಸುತ್ತಲಿನ ಫಲಕಗಳೂ ಆಟಗಾರರ ಅಂಗಿಗಳೂ ಈ ಕಟ್ಟಳೆಗೆ ಹೊರತಾಗಿದ್ದವು. ಬಿಡುವಿನ ವೇಳೆಯಲ್ಲಿ ಕಾಣದ ಹೆಸರು ಆಟದ ಉದ್ದಕ್ಕೂ ಕಾಣುತ್ತಿತ್ತು. 2023ರ ಏಪ್ರಿಲಿನಲ್ಲಿ ಪ್ರೀಮಿಯರ್ ಲೀಗಿನ ತಂಡಗಳು 2025–26ರ ಋತುವಿನ ಕೊನೆಗೆ ಅಂಗಿಯ ಮುಂಭಾಗದಿಂದ ಜೂಜಿನ ಹೆಸರನ್ನು ತೆಗೆಯಲು ಸಮ್ಮತಿಸಿದವು. ತೋಳಿನ ಮಾತು ಆ ಒಪ್ಪಂದದಲ್ಲಿರಲಿಲ್ಲ.

ಇಟಲಿಯು 2018ರ ಶಾಸನದಿಂದ ಜೂಜಿನ ಜಾಹೀರಾತನ್ನು ಬಹುತೇಕ ಪೂರ್ಣವಾಗಿ ನಿಷೇಧಿಸಿತು. ನಮ್ಮ ದೇಶದಲ್ಲಿ, ಜೂಜು ಸಂವಿಧಾನವು ರಕ್ಷಿಸುವ ವ್ಯಾಪಾರವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1957ರಲ್ಲಿಯೇ ತೀರ್ಪಿತ್ತಿತ್ತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆಯು ಹಣದ ಆಟಗಳ ಜಾಹೀರಾತಿಗೆ 2 ವರ್ಷಗಳವರೆಗಿನ ಸೆರೆವಾಸ ಅಥವಾ 50 ಲಕ್ಷ ರೂಪಾಯಿಗಳವರೆಗಿನ ದಂಡ, ಅಥವಾ ಎರಡನ್ನೂ ವಿಧಿಸಿತು.

ನಿಷೇಧದಿಂದ ಮಾತ್ರ ಪ್ರಶ್ನೆ ಮುಗಿಯುವುದಿಲ್ಲ. ಬಾಜಿಯ ಸಂಸ್ಥೆಗಳು ಸುದ್ದಿತಾಣಗಳ ವೇಷದಲ್ಲಿ ಪ್ರಚಾರ ಪಡೆಯುತ್ತಿರುವುದನ್ನು ಕುರಿತು ಭಾರತ ಸರ್ಕಾರವು 2022ರಲ್ಲಿಯೇ ಎಚ್ಚರಿಸಬೇಕಾಯಿತು. ಆದುದರಿಂದ ಯಾವ ನಿಯಮವನ್ನೇ ಆಗಲಿ ಪರೀಕ್ಷಿಸುವಾಗ, ಎಷ್ಟು ಮಕ್ಕಳ ಕಣ್ಣಿಗೆ ಆ ಹೆಸರು ಇನ್ನೂ ಬೀಳುತ್ತಿದೆ ಎಂಬುದನ್ನೇ ಮೊದಲು ಕೇಳಬೇಕೆಂದು ನಮ್ಮ ಅಭಿಪ್ರಾಯ.