ಹಿಂಡಿಯಲ್ಲಿ ಅಡಗಿರುವ ಹೊನ್ನು

ಕೋಲಾರದ ಚಿನ್ನದ ಗಣಿಗಳ ವಿಷಯ ಬಂದಾಗ ಚಾಂಪಿಯನ್ ರೀಫ್ಸ್ ಎಂಬ ಹೆಸರು ತಾನಾಗಿಯೇ ನೆನಪಿಗೆ ಬರುತ್ತದೆ. ನೆಲದೊಳಗೆ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಈ ಗಣಿ, ಉಳಿದವುಗಳೊಡನೆ 2001ರಲ್ಲಿ ಮುಚ್ಚಿಹೋಯಿತು. ಅದಿರನ್ನು ಅರೆದು ಚಿನ್ನವನ್ನು ತೆಗೆದ ಮೇಲೆ ಸುರಿದ ಹುಡಿಯ ದಿಬ್ಬಗಳು ಮಾತ್ರ ಊರಿನ ಅಂಚಿನಲ್ಲಿ ಇಂದಿಗೂ ನಿಂತಿವೆ. ಆ ಹುಡಿಯಲ್ಲಿಯೂ ಅಲ್ಪಸ್ವಲ್ಪ ಚಿನ್ನ ಉಳಿದಿದೆ. ಉಳಿಕೆಯ ಬೆಲೆಯನ್ನು ಅದರ ರೂಪದಿಂದ ಅಳೆಯಲಾಗದು. ಅದರಲ್ಲಿ ಏನಿದೆ, ಅದನ್ನು ದಕ್ಕಿಸಿಕೊಳ್ಳಲು ಎಷ್ಟು ತಗಲುತ್ತದೆ ಎಂಬ ಲೆಕ್ಕದಿಂದಲೇ ಅಳೆಯಬೇಕು.

ಈ ಲೆಕ್ಕವು ಗಣಿಗೆ ಮಾತ್ರ ಸೇರಿದುದಲ್ಲ. ಬಂಗಾರಪೇಟೆ, ಕೋಲಾರ, ಮುಳಬಾಗಿಲುಗಳ ಕೆಂಪು ನೆಲದಲ್ಲಿ ರಾಗಿ, ಕಡಲೆಕಾಯಿ, ಹುಚ್ಚೆಳ್ಳು, ಅವರೆ ಬೆಳೆಯುತ್ತವೆ. ಹಿಪ್ಪುನೇರಳೆಯ ತೋಟಗಳೂ ಇವೆ. ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಹಿಂಡಿ ಉಳಿಯುತ್ತದೆ, ಅಕ್ಕಿಯ ಗಿರಣಿಯಲ್ಲಿ ತೌಡು ಉಳಿಯುತ್ತದೆ, ರೇಷ್ಮೆಗೂಡಿನಿಂದ ನೂಲು ಬಿಚ್ಚಿದ ಮೇಲೆ ಒಳಗಿನ ಹುಳು ಉಳಿಯುತ್ತದೆ. ಇವನ್ನು ಕೋಳಿಗೆ ಉಣಿಸಿ ಮೊಟ್ಟೆಯನ್ನಾಗಿ ಮಾಡಿಕೊಳ್ಳಬಹುದೆ?

ಪ್ರಶ್ನೆ ಕೇವಲ ಕುತೂಹಲದ್ದಲ್ಲ. ಕೋಳಿ ಸಾಕುವವನು ಖರ್ಚು ಮಾಡುವ ಪ್ರತಿ 100 ರೂಪಾಯಿಯಲ್ಲಿ 60ರಿಂದ 70 ರೂಪಾಯಿ ಮೇವಿಗೇ ಹೋಗುತ್ತದೆ. ಆ ಮೇವಿನಲ್ಲಿ ದುಬಾರಿಯಾದ ಅಂಶವೆಂದರೆ ಪ್ರೋಟೀನು. ಇಂದು ಬಹುಪಾಲು ಕೋಳಿಮೇವು ಮುಸುಕಿನ ಜೋಳ ಮತ್ತು ಸೋಯಾ ಹಿಂಡಿಗಳನ್ನು ನೆಚ್ಚಿಕೊಂಡಿದೆ. 2021ರಲ್ಲಿ ಸೋಯಾ ಹಿಂಡಿಯ ಬೆಲೆ ವಿಪರೀತವಾಗಿ ಏರಿದಾಗ, ಭಾರತ ಸರ್ಕಾರವು 12 ಲಕ್ಷ ಟನ್ ಹಿಂಡಿಯನ್ನು ಹೊರದೇಶಗಳಿಂದ ತರಿಸಿಕೊಳ್ಳಲು ಅನುಮತಿ ನೀಡಬೇಕಾಯಿತು. ಒಂದೇ ಕಂಬವನ್ನು ನಂಬಿ ನಿಂತ ಚಪ್ಪರದ ಪಾಡು ಇದು. ಸಣ್ಣ ಸಾಕಣೆದಾರನಿಗಂತೂ ಅಂತಹ ಒಂದು ವರ್ಷವೇ ಕಸುಬನ್ನು ಬಿಡಿಸಲು ಸಾಕು.

ಮೇವಿನಲ್ಲಿರುವ ಪ್ರೋಟೀನನ್ನು ಅಳೆಯುವುದು ಹೇಗೆ? 1883ರಲ್ಲಿ ಡೆನ್ಮಾರ್ಕಿನ ಯೋಹಾನ್ ಕೆಲ್ಡಾಲ್ ಎಂಬ ರಸಾಯನ ವಿಜ್ಞಾನಿ ಒಂದು ವಿಧಾನವನ್ನು ಪ್ರಕಟಿಸಿದನು. ಪದಾರ್ಥವನ್ನು ಪ್ರಬಲ ಗಂಧಕಾಮ್ಲದಲ್ಲಿ ಕುದಿಸಿ, ಅದರ ಸಾರಜನಕವನ್ನು ಅಮೋನಿಯವನ್ನಾಗಿ ಪರಿವರ್ತಿಸಿ ಅಳೆಯುವುದೇ ಆ ವಿಧಾನ. ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು 16 ಭಾಗ ಸಾರಜನಕವಿರುವುದರಿಂದ, ದೊರೆತ ಅಂಕಿಯನ್ನು 6.25ರಿಂದ ಗುಣಿಸಿದರೆ ಪ್ರೋಟೀನಿನ ಪ್ರಮಾಣ ತಿಳಿಯುತ್ತದೆ. ಹೀಗೆ ನೋಡಿದರೆ ರಾಗಿಯಲ್ಲಿ ನೂರಕ್ಕೆ ಸುಮಾರು 7 ಭಾಗ, ಕಡಲೆಕಾಯಿ ಹಿಂಡಿಯಲ್ಲಿ 40ರಿಂದ 45 ಭಾಗ ಪ್ರೋಟೀನಿದೆ.

ಮೊಟ್ಟೆಯಿಡುವ ಕೋಳಿಯ ಮೇವಿನಲ್ಲಿ ನೂರಕ್ಕೆ 16 ಭಾಗದಷ್ಟಾದರೂ ಪ್ರೋಟೀನಿರಬೇಕು ಎಂದುಕೊಳ್ಳೋಣ. ಹಿಂಡಿಯಲ್ಲಿ 43 ಭಾಗವಿದ್ದರೆ, 3 ಪಾಲು ರಾಗಿಗೆ 1 ಪಾಲು ಹಿಂಡಿಯನ್ನು ಬೆರೆಸಿದರೆ ಸಾಕು. ಮೂರು ಏಳು ಇಪ್ಪತ್ತೊಂದು, ಅದಕ್ಕೆ 43 ಸೇರಿದರೆ 64. ನಾಲ್ಕರಿಂದ ಭಾಗಿಸಿದರೆ ಸರಿಯಾಗಿ 16. ಗಣಿತ ಎಷ್ಟು ಸುಲಭ! ಆದರೆ ಈ ಮೇವನ್ನೇ ತಿಂದ ಕೋಳಿಯು ನಾವು ನಿರೀಕ್ಷಿಸಿದಷ್ಟು ಮೊಟ್ಟೆಯಿಡುವುದಿಲ್ಲ. ಏಕೆ?

ಪ್ರೋಟೀನು ಒಂದೇ ವಸ್ತುವಲ್ಲ. ಸುಮಾರು 20 ಬಗೆಯ ಅಮೈನೋ ಆಮ್ಲಗಳ ಜೋಡಣೆ. ಅಚ್ಚುಮೊಳೆಗಳನ್ನು ಜೋಡಿಸಿ ಪುಸ್ತಕ ಮುದ್ರಿಸುತ್ತಿದ್ದ ಕಾಲವನ್ನು ನೆನೆಯಿರಿ. ಪೆಟ್ಟಿಗೆಯಲ್ಲಿ 'ಲ'ಕಾರದ ಮೊಳೆಗಳು ಮುಗಿದುಹೋದರೆ, 'ಕ'ಕಾರದ ಮೊಳೆಗಳು ರಾಶಿ ಬಿದ್ದಿದ್ದರೂ ಪುಟವು ಮುಂದೆ ಸಾಗದು. ಕೋಳಿಯ ದೇಹದಲ್ಲಿಯೂ ಹೀಗೆಯೇ. ಕಡಲೆಕಾಯಿ ಹಿಂಡಿಯಲ್ಲಿ ಲೈಸೀನ್ ಮತ್ತು ಮೆಥಿಯೊನೀನ್ ಎಂಬ ಎರಡು 'ಮೊಳೆ'ಗಳು ಕಡಮೆ. ರಾಗಿಯಲ್ಲಿ ಲೈಸೀನ್ ಕಡಮೆ. ಕೆಲಸಕ್ಕೆ ಬಾರದೆ ಉಳಿದ ಅಮೈನೋ ಆಮ್ಲಗಳನ್ನು ಕೋಳಿಯು ಕೂಡಿಡಲಾರದು. ಅವುಗಳ ಸಾರಜನಕವನ್ನು ಯೂರಿಕ್ ಆಮ್ಲವಾಗಿ ಹೊರಗೆ ಹಾಕುತ್ತದೆ. ಹಿಕ್ಕೆಯ ಮೇಲೆ ಕಾಣುವ ಬಿಳಿಯ ಲೇಪ ಅದೇ. ಹಣ ಕೊಟ್ಟು ತಂದ ಪ್ರೋಟೀನು ಹೀಗೆ ಗೊಬ್ಬರವಾಗುತ್ತದೆ.

ಆದುದರಿಂದ ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಬೇಕು. ಎಳ್ಳಿನ ಹಿಂಡಿಯಲ್ಲಿ ಲೈಸೀನ್ ಕಡಮೆಯಾದರೂ ಮೆಥಿಯೊನೀನ್ ಹೇರಳ. ಎರಡೂ ಚೆನ್ನಾಗಿರುವ ವಸ್ತುವೊಂದು ರೇಷ್ಮೆಯ ಸೀಮೆಯಲ್ಲಿಯೇ ಇದೆ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಸುಮಾರು 7 ಕಿಲೋ ಹಸಿಗೂಡು ಬೇಕು. ಗೂಡಿನ ತೂಕದ ಬಹುಭಾಗ ಒಳಗಿನ ಕೋಶದ ಹುಳುವಿನದೇ. ಅದನ್ನು ಒಣಗಿಸಿದರೆ, ಕಿಲೋ ರೇಷ್ಮೆಗೆ ಕಿಲೋಗಿಂತ ಹೆಚ್ಚು ಒಣಹುಳು ದೊರೆಯುತ್ತದೆ. ಅದರಲ್ಲಿ ಸುಮಾರು ಅರ್ಧ ಪ್ರೋಟೀನು, ಕಾಲು ಭಾಗದಷ್ಟು ಕೊಬ್ಬು. ಹುಳುವಿನ ಹೊರಪೊರೆಯ ಕೈಟಿನ್ ಎಂಬ ವಸ್ತುವಿನಲ್ಲಿಯೂ ಸಾರಜನಕವಿರುವುದರಿಂದ, ಕೆಲ್ಡಾಲನ ಲೆಕ್ಕವು ಇಲ್ಲಿ ನಿಜಕ್ಕಿಂತ ತುಸು ಹೆಚ್ಚಾಗಿ ತೋರಿಸುತ್ತದೆ ಎಂಬುದನ್ನೂ ಮರೆಯಬಾರದು. ಹಸಿಹುಳು ಬೇಗ ಕೊಳೆಯುತ್ತದೆ. ಅದರ ಕೊಬ್ಬು ಗಾಳಿಗೆ ಕಮಟುತ್ತದೆ, ಮೊಟ್ಟೆಗೂ ಮಾಂಸಕ್ಕೂ ವಾಸನೆ ಹತ್ತಿಸುತ್ತದೆ. ಕೂಡಲೇ ಒಣಗಿಸಿ, ಎಣ್ಣೆಯನ್ನು ತೆಗೆದು, ಮಿತವಾಗಿ ಬೆರೆಸಿದರೆ ಮಾತ್ರ ಅದು ಸೋಯಾ ಹಿಂಡಿಯ ಅಥವಾ ಮೀನುಹುಡಿಯ ಒಂದು ಪಾಲಿಗೆ ಬದಲಾಗಿ ನಿಲ್ಲಬಲ್ಲದು.

ಇನ್ನು ಅಪಾಯದ ಮಾತು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದ ಬೇನೆಯಿಂದ ಸತ್ತವು. ಯಾವ ಸೋಂಕೂ ಪತ್ತೆಯಾಗಲಿಲ್ಲ. ಕಡೆಗೆ ಜಾಡು ಸಿಕ್ಕಿದ್ದು ಬ್ರೆಜಿಲ್ ದೇಶದಿಂದ ಬಂದ ಕಡಲೆಕಾಯಿ ಹಿಂಡಿಯಲ್ಲಿ. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಅದರಲ್ಲಿ ಬೆಳೆದು ವಿಷವನ್ನು ಬಿಟ್ಟಿತ್ತು. ಬೂಷ್ಟಿನ ಹೆಸರಿನಿಂದಲೇ ಆ ವಿಷಕ್ಕೆ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂದಿತು. ಅದು ಪಿತ್ತಜನಕಾಂಗವನ್ನು ಕೆಡಿಸುತ್ತದೆ; ಸಾಮಾನ್ಯವಾಗಿ ಬೇಯಿಸಿದ ಮಾತ್ರಕ್ಕೆ ನಾಶವಾಗುವುದಿಲ್ಲ; ಬೂಷ್ಟನ್ನು ಒರೆಸಿ ತೆಗೆದರೂ ವಿಷ ಒಳಗೇ ಉಳಿದಿರಬಹುದು. ಕಾಯಿಯನ್ನು ಕಿತ್ತೊಡನೆ ಚೆನ್ನಾಗಿ ಒಣಗಿಸುವುದು, ಹಿಂಡಿಯನ್ನು ತೇವ ತಾಗದಂತೆ ಇಡುವುದು ಇವೇ ಮೊದಲ ರಕ್ಷಣೆ. ಮಳೆಯಲ್ಲಿ ನೆನೆದು ಅಗ್ಗವಾಗಿ ಸಿಕ್ಕ ಹಿಂಡಿಯೇ ಎಲ್ಲಕ್ಕಿಂತ ದುಬಾರಿಯಾದೀತು.

ಕೆಲವು ಹಿಂಡಿಗಳಲ್ಲಿ ವಿಷವು ಹುಟ್ಟಿನಿಂದಲೇ ಇರುತ್ತದೆ. ಹತ್ತಿಬೀಜದಲ್ಲಿ ಗಾಸಿಪಾಲ್, ಹರಳಿನಲ್ಲಿ ರೈಸಿನ್, ಹೊಂಗೆಯಲ್ಲಿ ಕರಂಜಿನ್. ಹೊಂಗೆ ಹಿಂಡಿ ಹೊಲಕ್ಕೆ ಉತ್ತಮ ಗೊಬ್ಬರ. ಹಾಗೆಂದು ಕೋಳಿಗೆ ಹಾಕುವಂತಿಲ್ಲ. ಹಸಿ ಸೋಯಾದಲ್ಲಿಯೂ ಜೀರ್ಣಕ್ಕೆ ಅಡ್ಡಿಮಾಡುವ ವಸ್ತುವಿದೆ. ಆದರೆ ಹದವಾದ ಶಾಖಕ್ಕೆ ಅದು ಅಳಿಯುತ್ತದೆ.

ಆದುದರಿಂದ ಯಾವ ಉಳಿಕೆಯನ್ನಾದರೂ ಮೇವಿಗೆ ಸೇರಿಸುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಬೇಕು: ಪ್ರೋಟೀನು ಎಷ್ಟಿದೆ? ಯಾವ ಅಮೈನೋ ಆಮ್ಲಗಳಿಂದ ಆದುದು? ಅದರ ಜೊತೆಯಲ್ಲಿ ಇನ್ನೇನು ಬರುತ್ತದೆ? ಮೊದಲನೆಯದಕ್ಕೆ ಚೀಲದ ಮೇಲಿನ ಅಂಕಿಯೇ ಉತ್ತರ ಹೇಳಬಹುದು. ಉಳಿದೆರಡಕ್ಕೆ ಪ್ರಯೋಗಶಾಲೆಯ ನೆರವು ಬೇಕು. ಗಾಣ, ಗಿರಣಿ, ರೇಷ್ಮೆಯ ನೂಲುಮನೆಗಳು ಹತ್ತಿರದಲ್ಲಿಯೇ ಇರುವ ನಮ್ಮ ಊರುಗಳಲ್ಲಿ ಆ ನೆರವನ್ನು ರೈತನ ಮನೆಬಾಗಿಲಿಗೆ ಒಯ್ಯಬಲ್ಲ ತರುಣರ ಅವಶ್ಯಕತೆ ಬಹಳವಾಗಿದೆ.