ಫ್ಲ್ಯಾಟ್ ಮಾರಾಟವಾಗದಿದ್ದರೆ ತಪ್ಪು ಬ್ರೋಕರ್‌ನದೇ?

ಬೆಂಗಳೂರಿನ ಅಪಾರ್ಟ್‌ಮೆಂಟುಗಳ ನಿವಾಸಿ ಸಂಘಗಳಲ್ಲಿ ನೀರಿನ ಟ್ಯಾಂಕರ್, ಲಿಫ್ಟ್ ರಿಪೇರಿಯ ಮಾತು ಮುಗಿದ ಮೇಲೆ ಬ್ರೋಕರ್ ವಿಷಯ ಬಂದೇ ಬರುತ್ತದೆ. ಫ್ಲ್ಯಾಟ್ ಮಾರಲು ಹೇಳಿ ತಿಂಗಳುಗಳೇ ಕಳೆದವು. ಮೊದಲ ವಾರ ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದವನು ಈಗ ನಾವು ಮಾಡಿದರೂ ಎತ್ತುವುದಿಲ್ಲ. ಅಪರೂಪಕ್ಕೆ ಸಿಕ್ಕರೆ ‘ಮಾರ್ಕೆಟ್ ಡಲ್ ಇದೆ ಸಾರ್, ರೇಟ್ ಸ್ವಲ್ಪ ಇಳಿಸಿ’ ಎನ್ನುತ್ತಾನೆ. ಈ ಸಿಟ್ಟಿಗೆ ಕಾರಣವಿದೆ. ಆದರೆ ಆ ಸಿಟ್ಟಿನ ಹಿಂದಿರುವ ನಂಬಿಕೆಗಳಲ್ಲಿ ಹೆಚ್ಚಿನವು ತಪ್ಪು. ಬ್ರೋಕರ್ ಮಾಡದ ತಪ್ಪನ್ನು ಅವನ ತಲೆಗೆ ಕಟ್ಟುವ ಮಾಲೀಕರು, ಅವನು ನಿಜವಾಗಿ ಮಾಡುವ ತಪ್ಪನ್ನು ಗಮನಿಸುವುದೇ ಇಲ್ಲ ಎಂಬುದು ನನ್ನ ವಾದ.

ಮೊದಲ ನಂಬಿಕೆ: ಬ್ರೋಕರ್ ಓಡಾಡಿದರೆ ಮನೆ ಮಾರಾಟವಾಗುತ್ತದೆ, ಕೈಕಟ್ಟಿ ಕೂತರೆ ಆಗುವುದಿಲ್ಲ. ಆದರೆ ಮಂದ ಮಾರುಕಟ್ಟೆಯಲ್ಲಿ ಮನೆಯನ್ನು ಹಿಡಿದು ನಿಲ್ಲಿಸುವುದು ಬಹುಮಟ್ಟಿಗೆ ಮಾಲೀಕರು ಹೇಳುವ ಬೆಲೆ. ಅರ್ಥಶಾಸ್ತ್ರಜ್ಞರಾದ ಡೇವಿಡ್ ಜೆನಿಸೋವ್ ಮತ್ತು ಕ್ರಿಸ್ಟೋಫರ್ ಮೇಯರ್ 1990ರ ದಶಕದಲ್ಲಿ ಬಾಸ್ಟನ್ ನಗರದ ಫ್ಲ್ಯಾಟುಗಳ ಮಾರಾಟವನ್ನು ಪರಿಶೀಲಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೊಂಡ ಬೆಲೆಗಿಂತ ಕಡಿಮೆಗೆ ಮಾರಬೇಕಾದ ಸ್ಥಿತಿಯಲ್ಲಿದ್ದವರು, ಆಗುವ ನಷ್ಟದ ಶೇ 25ರಿಂದ 35ರಷ್ಟನ್ನು ಕೇಳುವ ಬೆಲೆಗೆ ಸೇರಿಸುತ್ತಿದ್ದರು. ಅಂಥ ಫ್ಲ್ಯಾಟುಗಳು ಉಳಿದವಕ್ಕಿಂತ ನಿಧಾನವಾಗಿ ಬಿಕರಿಯಾಗುತ್ತಿದ್ದವು. ನಾವು ಎಷ್ಟು ಕೊಟ್ಟೆವು, ಒಳಾಂಗಣಕ್ಕೆ ಎಷ್ಟು ಸುರಿದೆವು, ಸಾಲಕ್ಕೆ ಎಷ್ಟು ಬಡ್ಡಿ ಕಟ್ಟಿದೆವು ಎಂಬ ಲೆಕ್ಕ ಕೊಳ್ಳುವವರಿಗೆ ಬೇಕಿಲ್ಲ. ಮಾರಾಟಗಾರರಿಗೆ ಮಾತ್ರ ಅದೇ ಲೆಕ್ಕ ತಲೆಯಲ್ಲಿ ಕೂತಿರುತ್ತದೆ. ‘ಪಕ್ಕದ ಬ್ಲಾಕಿನಲ್ಲಿ ಇದೇ ಅಳತೆಯ ಮನೆ ಹೆಚ್ಚಿಗೆ ಹೋಯಿತಲ್ಲ’ ಎಂಬ ಆಕ್ಷೇಪ ಸಹಜ. ಹೋಗಿರಬಹುದು. ಯಾವ ವರ್ಷ, ಯಾವ ಮಹಡಿ, ನೋಂದಣಿಯಾದ ಮೊತ್ತ ಎಷ್ಟು ಎಂದು ಕೇಳಿದರೆ ಅನೇಕ ಸಲ ಉತ್ತರ ಸಿಗುವುದಿಲ್ಲ. ಆಸ್ತಿ ಜಾಲತಾಣಗಳಲ್ಲಿ ಕಾಣುವುದು ಕೇಳಿದ ಬೆಲೆ, ಕೊಟ್ಟ ಬೆಲೆಯಲ್ಲ.

ಇನ್ನು ಬ್ರೋಕರ್ ಕೈಗೂ ಮಾಲೀಕರ ಕೈಗೂ ಮೀರಿದ ಕಾರಣಗಳಿವೆ. ರಿಸರ್ವ್ ಬ್ಯಾಂಕ್ 2022ರ ಮೇ ತಿಂಗಳಿಂದ ಒಂಬತ್ತು ತಿಂಗಳಲ್ಲಿ ರೆಪೊ ದರವನ್ನು ಶೇ 4ರಿಂದ 6.5ಕ್ಕೆ ಏರಿಸಿ, 2025ರ ಫೆಬ್ರುವರಿಯವರೆಗೆ ಅಲ್ಲೇ ಇಟ್ಟಿತ್ತು. ಗೃಹಸಾಲದ ಕಂತು ಏರಿದಂತೆ ಕೊಳ್ಳುವವರ ಶಕ್ತಿ ಕುಗ್ಗುತ್ತದೆ. 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತಾ ಕಡ್ಡಾಯವಾಯಿತು. ಅದು ಕೈಸೇರುವವರೆಗೆ ಕುದುರಿದ ವ್ಯವಹಾರಗಳೂ ಕಾದವು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಕಟ್ಟಡದ ಸ್ವಾಧೀನಾನುಭವ ಪತ್ರವನ್ನು, ಅಂದರೆ ಓಸಿಯನ್ನು, ಪರಿಶೀಲಿಸಿದ ಮೇಲೆಯೇ ಬ್ಯಾಂಕುಗಳು ಸಾಲ ಕೊಡಬೇಕೆಂದು ಹೇಳಿತು. ಓಸಿ ಇಲ್ಲದೆ ವರ್ಷಗಟ್ಟಲೆ ಜನ ವಾಸಿಸುತ್ತಿರುವ ಕಟ್ಟಡಗಳು ಬೆಂಗಳೂರಿಗೆ ಹೊಸತಲ್ಲ. 2025ರ ಆಗಸ್ಟ್ ಕೊನೆಯಲ್ಲಿ ರಾಜ್ಯ ಸರ್ಕಾರ ನೋಂದಣಿ ಶುಲ್ಕವನ್ನು ಶೇ 1ರಿಂದ 2ಕ್ಕೆ ಏರಿಸಿತು. ಸೆಸ್, ಸರ್‌ಚಾರ್ಜ್ ಸೇರಿದ ಶೇ 5.6ರ ಮುದ್ರಾಂಕ ಶುಲ್ಕಕ್ಕೆ ಇದನ್ನು ಕೂಡಿಸಿದರೆ, ನಗರದಲ್ಲಿ 80 ಲಕ್ಷದ ಫ್ಲ್ಯಾಟ್ ಕೊಳ್ಳುವವರು ಶುಲ್ಕಕ್ಕೇ 6 ಲಕ್ಷ 8 ಸಾವಿರ ರೂಪಾಯಿ ತೆಗೆದಿಡಬೇಕು. ಮೊದಲಿಗಿಂತ 80 ಸಾವಿರ ಹೆಚ್ಚು. ಇದು ಶೇ 1ರ ದಲ್ಲಾಳಿ ಕಮಿಷನ್‌ಗೆ ಸರಿಸಮ. ಕಮಿಷನ್ ಬಗ್ಗೆ ಗೊಣಗುವವರು ಈ ಮೊತ್ತದ ಬಗ್ಗೆ ಚಕಾರ ಎತ್ತುವುದಿಲ್ಲ ಎಂಬುದು ಸ್ವಾರಸ್ಯ.

ಮಾರ್ಗಸೂಚಿ ಬೆಲೆಯ ಬಗೆಗೂ ಒಂದು ಭ್ರಮೆಯಿದೆ: ಸರ್ಕಾರವೇ ಬೆಲೆ ಏರಿಸಿದ ಮೇಲೆ ನಮ್ಮ ಮನೆಯ ಬೆಲೆಯೂ ಏರಿತು ಎಂಬುದು. 2023ರ ಅಕ್ಟೋಬರ್‌ನಲ್ಲಿ ರಾಜ್ಯದಲ್ಲಿ ಮಾರ್ಗಸೂಚಿ ಬೆಲೆ ಪರಿಷ್ಕರಣೆಯಾದಾಗ ಈ ಮಾತು ಜೋರಾಗಿ ಕೇಳಿತು. ಅದು ಶುಲ್ಕ ವಸೂಲಿಗೆ ಹಾಕಿದ ತಳಮಟ್ಟ, ಅಷ್ಟೇ. ಆ ಬೆಲೆಗೆ ಕೊಳ್ಳುವವರನ್ನು ಸರ್ಕಾರ ಹುಡುಕಿಕೊಡುವುದಿಲ್ಲ. ಮಂದ ಕಾಲದಲ್ಲಿ ಇದು ಹೊರೆಯೂ ಆಗುತ್ತದೆ. ಮಾರಿದ ಬೆಲೆಗಿಂತ ಮಾರ್ಗಸೂಚಿ ಬೆಲೆ ಶೇ 10ಕ್ಕೂ ಮೀರಿ ಹೆಚ್ಚಿದ್ದರೆ ಆದಾಯ ತೆರಿಗೆ ಇಲಾಖೆ ಮಾರ್ಗಸೂಚಿ ಬೆಲೆಯನ್ನೇ ಮಾರಾಟದ ಬೆಲೆಯೆಂದು ಎಣಿಸುತ್ತದೆ. ಮಾರಿದವರಿಗೆ ಬಾರದ ಲಾಭಕ್ಕೆ ತೆರಿಗೆ, ಕೊಂಡವರಿಗೂ ವ್ಯತ್ಯಾಸದ ಮೇಲೆ ತೆರಿಗೆ.

ಹಾಗಾದರೆ ಬ್ರೋಕರ್ ನಿರಪರಾಧಿಯೇ? ಅಲ್ಲ. ಅವನ ಬಗೆಗಿನ ಅತಿ ದೊಡ್ಡ ತಪ್ಪು ಕಲ್ಪನೆ ಅವನನ್ನು ಮೆಚ್ಚಿದಂತೆ ಕಾಣುವ ಮಾತಿನಲ್ಲೇ ಇದೆ: ‘ಕಮಿಷನ್ ಬೆಲೆಯ ಮೇಲಲ್ಲವೇ? ನಮಗೆ ಹೆಚ್ಚು ಬಂದರೆ ಅವನಿಗೂ ಹೆಚ್ಚು, ಹಾಗಾಗಿ ನಮ್ಮ ಪರ ಜಗ್ಗಾಡುತ್ತಾನೆ.’ ಲೆಕ್ಕ ಹಾಕಿ ನೋಡಿ. 80 ಲಕ್ಷಕ್ಕೆ ಮಾರಿದರೆ ಶೇ 1ರಂತೆ ಅವನಿಗೆ 80 ಸಾವಿರ. ಇನ್ನೂ ಮೂರು ತಿಂಗಳು ಕಾದು, ಹತ್ತಾರು ಜನರಿಗೆ ಮನೆ ತೋರಿಸಿ 82 ಲಕ್ಷ ಕುದುರಿಸಿದರೆ ಮಾಲೀಕರಿಗೆ ಎರಡು ಲಕ್ಷ, ಅವನಿಗೆ ಎರಡೇ ಸಾವಿರ. ಪೆಟ್ರೋಲ್ ಖರ್ಚಿಗೂ ಸಾಲದು. ಇವತ್ತೇ 78ಕ್ಕೆ ಮುಗಿಸಿದರೆ ಅವನಿಗೆ ಹೋಗುವುದೂ ಎರಡೇ ಸಾವಿರ. ಬೆಲೆ ಇಳಿಸಿ ಎಂಬ ಅವನ ಸಲಹೆ ಸುಳ್ಳಲ್ಲದಿರಬಹುದು. ಆದರೆ ಆ ಸಲಹೆಯಲ್ಲಿ ಅವನ ಹಿತ ನಿಮ್ಮ ಹಿತಕ್ಕಿಂತ ಹೆಚ್ಚು ಬೆರೆತಿದೆ. ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್ಸನ್ 2008ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಅಂಕಿಗಳಲ್ಲಿ ತೋರಿಸಿತು. ಷಿಕಾಗೊ ಸುತ್ತಮುತ್ತಲಿನ ಸುಮಾರು ಒಂದು ಲಕ್ಷ ಮನೆಗಳ ಮಾರಾಟದಲ್ಲಿ, ಏಜೆಂಟರು ತಮ್ಮ ಸ್ವಂತ ಮನೆಗಳನ್ನು ಮಾರುವಾಗ ಗಿರಾಕಿಗಳ ಅಂಥವೇ ಮನೆಗಳಿಗಿಂತ ಸುಮಾರು ಒಂಬತ್ತೂವರೆ ದಿನ ಹೆಚ್ಚು ಕಾದು, ಶೇ 3.7ರಷ್ಟು ಹೆಚ್ಚು ಬೆಲೆ ಪಡೆದಿದ್ದರು. ಅದು ಅಮೆರಿಕದ ಮಾರುಕಟ್ಟೆ, ನಮ್ಮದು ಬೇರೆ ಎನ್ನಬಹುದು. ನಮ್ಮಲ್ಲಿ ಒಬ್ಬನೇ ಬ್ರೋಕರ್ ಮಾರುವವರಿಂದಲೂ ಕೊಳ್ಳುವವರಿಂದಲೂ ಕಮಿಷನ್ ಪಡೆಯುವುದು ರೂಢಿ. ಇಬ್ಬರ ಹಣ ಪಡೆಯುವವನಿಗೆ ವ್ಯವಹಾರ ಮುಗಿಯುವುದು ಮುಖ್ಯ, ಯಾವ ಬೆಲೆಗೆ ಎಂಬುದಲ್ಲ. ಹಾಗಾಗಿ ಇಲ್ಲಿ ಆ ಒಲವು ಇನ್ನಷ್ಟು ಬಲವಾಗಿರಬೇಕೇ ಹೊರತು ಕಡಿಮೆಯಲ್ಲ.

ಇದರ ಇನ್ನೊಂದು ಮುಖವೆಂದರೆ, ಆರಂಭದಲ್ಲಿ ಅತಿ ಹೆಚ್ಚು ಬೆಲೆ ಹೇಳಿದ ಬ್ರೋಕರನ್ನೇ ಸಮರ್ಥನೆಂದು ಆರಿಸಿಕೊಳ್ಳುವುದು. ಬೆಲೆ ಹೇಳುವುದಕ್ಕೆ ಖರ್ಚಿಲ್ಲ. ಕೀಲಿಕೈ ತನ್ನ ಕೈಗೆ ಬಂದ ಮೇಲೆ ‘ಇಳಿಸಿ’ ಎನ್ನುವುದಕ್ಕೂ ಖರ್ಚಿಲ್ಲ. ಎಂಟು ಬ್ರೋಕರುಗಳಿಗೆ ಒಟ್ಟಿಗೆ ಹೇಳಿದರೆ ಬೇಗ ಮಾರಾಟವಾಗುತ್ತದೆ ಎಂಬುದೂ ಇಂಥದ್ದೇ ನಂಬಿಕೆ. ಒಂದೇ ಫ್ಲ್ಯಾಟ್ ಎಂಟು ಜಾಹೀರಾತುಗಳಲ್ಲಿ ನಾಲ್ಕು ಬೇರೆ ಬೇರೆ ಬೆಲೆಗೆ ಕಾಣಿಸಿಕೊಂಡರೆ ಕೊಳ್ಳುವವರು ಎರಡರಲ್ಲೊಂದು ತೀರ್ಮಾನಕ್ಕೆ ಬರುತ್ತಾರೆ: ಮಾಲೀಕರಿಗೆ ಆತುರವಿದೆ, ಅಥವಾ ಮನೆಯಲ್ಲೇನೋ ದೋಷವಿದೆ. ಕಮಿಷನ್ ತನಗೇ ಸಿಗುವ ಖಾತ್ರಿ ಇಲ್ಲದ ಮೇಲೆ ಎಂಟರಲ್ಲಿ ಯಾರೂ ಮನಸ್ಸಿಟ್ಟು ಕೆಲಸ ಮಾಡುವುದಿಲ್ಲ. ಫೋನ್ ಎತ್ತದಿರುವುದಕ್ಕೆ ಇದೂ ಒಂದು ಕಾರಣ.

ಕೊನೆಗೆ ರೊಚ್ಚಿಗೆದ್ದವರು ಹೇಳುವ ಮಾತು ‘ರೇರಾಕ್ಕೆ ದೂರು ಕೊಡುತ್ತೇವೆ’. ಇಲ್ಲಿ ಬಹಳ ಮಂದಿ ಎಡವುತ್ತಾರೆ. 2016ರ ರಿಯಲ್ ಎಸ್ಟೇಟ್ ಕಾಯ್ದೆ (ರೇರಾ) ಏಜೆಂಟರ ನೋಂದಣಿಯನ್ನು ಕಡ್ಡಾಯ ಮಾಡಿರುವುದು ನಿಜ. ನೋಂದಣಿಯಿಲ್ಲದೆ ವ್ಯವಹಾರ ಮಾಡಿದರೆ ದಿನಕ್ಕೆ 10 ಸಾವಿರ ರೂಪಾಯಿಯಂತೆ, ಆಸ್ತಿಯ ಬೆಲೆಯ ಶೇ 5ರವರೆಗೂ ದಂಡವಿದೆ. ಆದರೆ ಕಾಯ್ದೆಯ 9ನೇ ಸೆಕ್ಷನ್ ಮಾತಾಡುವುದು ನೋಂದಾಯಿತ ಯೋಜನೆಯಲ್ಲಿ ಬಿಲ್ಡರ್ ಮಾರುವ ನಿವೇಶನ, ಫ್ಲ್ಯಾಟುಗಳ ಬಗ್ಗೆ. ಹತ್ತು ವರ್ಷ ಹಳೆಯ ಫ್ಲ್ಯಾಟನ್ನು ಅದರ ಮಾಲೀಕರು ಇನ್ನೊಬ್ಬರಿಗೆ ಮಾರುವಾಗ ನಡುವೆ ನಿಂತವನಿಗೆ ಆ ಕಟ್ಟುಪಾಡು ತಾಗುವುದಿಲ್ಲ. ಕಮಿಷನ್ ಇಷ್ಟೇ ಇರಬೇಕೆಂದೂ ಆ ಕಾಯ್ದೆ ಹೇಳುವುದಿಲ್ಲ. ಬ್ರೋಕರ್ ತನ್ನ ವಿಸಿಟಿಂಗ್ ಕಾರ್ಡಿನಲ್ಲಿ ರೇರಾ ಸಂಖ್ಯೆ ಅಚ್ಚುಹಾಕಿಸಿದ್ದರೆ ಅದು ಹೊಸ ಯೋಜನೆಗಳನ್ನು ಮಾರುವ ಪರವಾನಗಿ. ನಿಮ್ಮ ಮರುಮಾರಾಟಕ್ಕೆ ಭರವಸೆಯಲ್ಲ.

ನಿಮಗೆ ಆಸರೆಯಾಗುವ ಕಾನೂನು ಬೇರೆಯೇ ಇದೆ, ಅದೂ ಒಂದೂವರೆ ಶತಮಾನ ಹಳೆಯದು. 1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಏಜೆಂಟನ ಹೊಣೆಗಳಿಗೇ ಒಂದು ಅಧ್ಯಾಯವಿದೆ. ತನ್ನನ್ನು ನೇಮಿಸಿಕೊಂಡವರಿಗೆ ತಿಳಿಸದೆ ಸ್ವಂತ ಲಾಭಕ್ಕೆ ವ್ಯವಹರಿಸಿದರೆ ಆ ಲಾಭವನ್ನು ಅವರು ಕೇಳಿ ಪಡೆಯಬಹುದು. ಮಾಲೀಕರಿಗೆ 75 ಎಂದು, ಕೊಳ್ಳುವವರಿಗೆ 80 ಎಂದು ಹೇಳಿ ನಡುವಿನದನ್ನು ಜೇಬಿಗಿಳಿಸುವ ಚಾಳಿಗೆ ಇದು ನೇರ ಉತ್ತರ. ಬೇರೆ ಒಪ್ಪಂದವಿಲ್ಲದಿದ್ದರೆ ಕೆಲಸ ಪೂರ್ತಿಯಾಗುವವರೆಗೆ ಕಮಿಷನ್ ಕೊಡಬೇಕಿಲ್ಲ; ದುರ್ನಡತೆ ತೋರಿದ ಭಾಗದ ಕೆಲಸಕ್ಕೆ ಕೊಡಬೇಕಾಗಿಯೇ ಇಲ್ಲ. ಆದರೆ ಇದನ್ನೆಲ್ಲ ಸಾಬೀತುಪಡಿಸಲು ಅವನು ನಿಮ್ಮ ಏಜೆಂಟ್ ಎಂಬುದಕ್ಕೇ ಮೊದಲು ಪುರಾವೆ ಬೇಕು. ಬಾಯಿಮಾತಿನಲ್ಲಿ ಕೀಲಿಕೈ ಕೊಟ್ಟವರ ಬಳಿ ಅದಿರುವುದಿಲ್ಲ.

‘ಬರೆದುಕೊಡಿ ಎಂದರೆ ಯಾವ ಬ್ರೋಕರ್ ಒಪ್ಪುತ್ತಾನೆ?’ ಎಂದು ಕೇಳಬಹುದು. ಎಂಟು ಜನರಲ್ಲಿ ಒಬ್ಬನಾಗಿದ್ದರೆ ಒಪ್ಪುವುದಿಲ್ಲ. ಮೂರು ತಿಂಗಳು ನಿನ್ನೊಬ್ಬನಿಗೇ ಕೊಡುತ್ತೇವೆ ಎಂದರೆ ಒಪ್ಪಲು ಅವನಿಗೂ ಕಾರಣ ಸಿಗುತ್ತದೆ. ಬ್ರೋಕರೇ ಬೇಡ, ನೇರವಾಗಿ ಮಾರುತ್ತೇವೆ ಎನ್ನುವವರಿದ್ದಾರೆ, ಬೇಡವೆನ್ನಲಾರೆ. ಕಮಿಷನ್ ಉಳಿಯುತ್ತದೆ, ಆದರೆ ಬೆಲೆ, ಬಡ್ಡಿ, ಕಾಗದಪತ್ರ ಇವುಗಳಲ್ಲಿ ಒಂದೂ ಬದಲಾಗುವುದಿಲ್ಲ. ವಿದೇಶದಲ್ಲಿ ನೆಲೆಸಿರುವ ಕನ್ನಡಿಗರಿಗಂತೂ ತೊಡಕು ಇನ್ನೂ ಒಂದು ಹೆಚ್ಚು: ಇಲ್ಲಿಯ ನಿವಾಸಿಯಿಂದ 50 ಲಕ್ಷ ಅಥವಾ ಹೆಚ್ಚಿನ ಬೆಲೆಯ ಮನೆ ಕೊಂಡರೆ ಶೇ 1 ತೆರಿಗೆ ಮುರಿದುಕೊಂಡರೆ ಸಾಕು, ಅನಿವಾಸಿಯಿಂದ ಕೊಂಡರೆ ಅದಕ್ಕಿಂತ ಎಷ್ಟೋ ಹೆಚ್ಚು ಮುರಿಯಬೇಕು. ಕಡಿಮೆ ಕಡಿತದ ಪ್ರಮಾಣಪತ್ರವನ್ನು ಇಲಾಖೆಯಿಂದ ಮೊದಲೇ ತರಿಸಿಡದಿದ್ದರೆ ಕೊಳ್ಳುವವರು ಆ ಗೊಡವೆಯೇ ಬೇಡವೆಂದು ಪಕ್ಕದ ಮನೆ ನೋಡುತ್ತಾರೆ.

ಆದ್ದರಿಂದ ಬ್ರೋಕರ್‌ಗೆ ಫೋನ್ ಮಾಡುವ ಮೊದಲು ಮೂಲಪತ್ರ, ಈವರೆಗಿನ ಋಣಭಾರ ಪತ್ರ (ಇಸಿ), ಇ-ಖಾತಾ, ಓಸಿ, ತೆರಿಗೆ ರಸೀದಿ, ಸಂಘದ ಬಾಕಿಯಿಲ್ಲದ ಪತ್ರ ಇವನ್ನು ಒಂದು ಕಡತದಲ್ಲಿ ಜೋಡಿಸಿಡಿ. ನಿಮ್ಮದೇ ಕಟ್ಟಡದಲ್ಲಿ ಈಚೆಗೆ ನೋಂದಣಿಯಾದ ಬೆಲೆ ವಿಚಾರಿಸಿ. ಆಮೇಲೆ ಕಮಿಷನ್ ಎಷ್ಟು, ಎರಡೂ ಕಡೆಯಿಂದ ಪಡೆಯುತ್ತಾನೆಯೇ, ಬಂದ ಪ್ರತಿ ಬೆಲೆಯನ್ನೂ ನಿಮಗೆ ಲಿಖಿತವಾಗಿ ತಿಳಿಸುತ್ತಾನೆಯೇ, ಅವಧಿ ಯಾವಾಗ ಮುಗಿಯುತ್ತದೆ ಎಂಬ ನಾಲ್ಕು ಅಂಶಗಳನ್ನು ಒಂದು ಹಾಳೆಯಲ್ಲಿ ಬರೆದು ಅವನ ಸಹಿ ಪಡೆಯಿರಿ. ಸಹಿ ಹಾಕಲು ಹಿಂದೇಟು ಹಾಕುವವನಿಗೆ ಕೀಲಿಕೈ ಕೊಡಬೇಡಿ.