ಕರಿಬೇವಿನ ಗಿಡದಲ್ಲಿ ಟ್ರಾಯ್ ರಾಜಕುಮಾರ

ಮಳೆಗಾಲದಲ್ಲಿ ಹಿತ್ತಲಿನ ಕರಿಬೇವಿನ ಗಿಡವನ್ನು ಒಮ್ಮೆ ಹತ್ತಿರದಿಂದ ನೋಡಿ. ಎಲೆಯ ಮೇಲೆ ಹಕ್ಕಿಯ ಹಿಕ್ಕೆ ಬಿದ್ದಂತೆ ಕಂದು-ಬಿಳಿ ಮಚ್ಚೆಯೊಂದು ಕಾಣಬಹುದು. ಕಡ್ಡಿಯಿಂದ ಮೆಲ್ಲನೆ ಮುಟ್ಟಿದರೆ ಆ ಮಚ್ಚೆ ಮಿಸುಕುತ್ತದೆ. ತಲೆಯ ಹಿಂದಿನಿಂದ ಕೆಂಬಣ್ಣದ ಕವಲುಕೊಂಬೊಂದನ್ನು ಹೊರಚಾಚಿ, ಗಾಟು ವಾಸನೆ ಬಿಟ್ಟು, ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ಈ ಹುಳು ಕೆಲವು ದಿನಗಳಲ್ಲಿ ಪೊರೆ ಕಳಚಿ ಹಸಿರಾಗುತ್ತದೆ, ಕೋಶ ಕಟ್ಟುತ್ತದೆ, ಕೊನೆಗೆ ಕಪ್ಪು ರೆಕ್ಕೆಯ ಚಿಟ್ಟೆಯಾಗಿ ಹಾರುತ್ತದೆ. ಚಿಟ್ಟೆ ನೋಡುವ ಹವ್ಯಾಸಿಗಳು ಇದನ್ನು ಕಾಮನ್ ಮಾರ್ಮನ್ ಎನ್ನುತ್ತಾರೆ. ವಿಜ್ಞಾನದಲ್ಲಿ ಇದರ ಹೆಸರು ಪ್ಯಾಪಿಲಿಯೊ ಪಾಲಿಟೀಸ್. ಪಾಲಿಟೀಸ್ ಟ್ರಾಯ್ ನಗರದ ದೊರೆ ಪ್ರಿಯಾಮನ ಮಗ. ಗ್ರೀಕರ ಮುತ್ತಿಗೆಗೆ ಕೋಟೆ ಬಿದ್ದ ರಾತ್ರಿ, ಹೆತ್ತ ತಂದೆಯ ಕಣ್ಣೆದುರೇ ಗ್ರೀಕ್ ವೀರ ಅಕಿಲೀಸನ ಮಗನ ಕೈಯಲ್ಲಿ ಸತ್ತವನು.

ಅವನೊಬ್ಬನೇ ಅಲ್ಲ. ನಿಂಬೆ ಗಿಡಕ್ಕೆ ಮೊಟ್ಟೆಯಿಡಲು ಬರುವ ಹಳದಿ-ಕಪ್ಪು ಚಿಟ್ಟೆ ಡೆಮೋಲಿಯಸ್, ಟ್ರಾಯ್ ವೀರ ಈನಿಯಸ್‌ನಿಂದ ಹತನಾದ ಗ್ರೀಕ್ ಯೋಧ. ಶಾಲೆಯ ಕಾಂಪೌಂಡಿನ ಉದ್ದನೆಯ ಅಶೋಕ ಮರಗಳ ಸುತ್ತ ನಿಲ್ಲದೆ ಹಾರಾಡುವ ಹಸಿರು ಚುಕ್ಕೆಯದು ಅಗಮೆಮ್ನಾನ್, ಗ್ರೀಕರ ಮಹಾ ದಂಡನಾಯಕ. ಪಶ್ಚಿಮ ಘಟ್ಟದ ಕಾಡಿಗೆ ಹೋದರೆ ಹೆಲೆನಸ್ ಮತ್ತು ಪ್ಯಾರಿಸ್ ಎಂಬ ಅಣ್ಣತಮ್ಮಂದಿರೂ ಸಿಗುತ್ತಾರೆ. ಹೋಮರ್ ಮೊದಲಾದ ಕವಿಗಳು ಹಾಡಿದ ಟ್ರಾಯ್ ಯುದ್ಧದ ಪಾತ್ರಗಳು ನಮ್ಮ ತೋಟಗಳಿಗೆ ಬಂದದ್ದು ಸ್ವೀಡನ್ನಿನ ಕಾರ್ಲ್ ಲಿನೇಯಸ್ ಎಂಬ ಸಸ್ಯಶಾಸ್ತ್ರಜ್ಞನಿಂದ.

ಲಿನೇಯಸ್‌ಗೆ ಮೊದಲು ಜೀವಿಗಳ ಶಾಸ್ತ್ರೀಯ ಹೆಸರು ಎಂದರೆ ಲ್ಯಾಟಿನ್‌ನಲ್ಲಿ ಒಂದು ಇಡೀ ವಾಕ್ಯದಷ್ಟು ಉದ್ದದ ವರ್ಣನೆ. ಅದನ್ನು ಅವನು ಎರಡೇ ಪದಗಳಿಗೆ ಇಳಿಸಿದ. 1758ರಲ್ಲಿ ಹೊರಬಂದ ಅವನ 'ಸಿಸ್ಟೆಮಾ ನ್ಯಾಚುರೇ' ಗ್ರಂಥದ ಹತ್ತನೆಯ ಆವೃತ್ತಿಯೇ ಇಂದಿಗೂ ಪ್ರಾಣಿಗಳ ಹೆಸರಿಗೆ ಆರಂಭದ ಗೆರೆ. ಆಗ ಅವನ ಮುಂದೆ 192 ಬಗೆಯ ಚಿಟ್ಟೆಗಳಿದ್ದವು. ಇಷ್ಟೊಂದು ಹೆಸರು ಎಲ್ಲಿಂದ ತರುವುದು? ಬಣ್ಣ, ಊರು ಎಂದು ಹೆಸರಿಡುತ್ತ ಹೋದರೆ ಬೇಗ ಮುಗಿದುಹೋಗುತ್ತದೆ. ಟ್ರಾಯ್ ಕಥೆಯಲ್ಲೋ ಹೆಸರುಗಳಿಗೆ ಕೊರತೆಯಿಲ್ಲ. ಗಾಂಧಾರಿಗೆ ನೂರು ಮಕ್ಕಳಿದ್ದಂತೆ ಪ್ರಿಯಾಮನಿಗೆ ಐವತ್ತು ಗಂಡುಮಕ್ಕಳು. ಎದುರು ಪಾಳೆಯದಲ್ಲಿ ಗ್ರೀಸ್ ದೇಶದ ರಾಜರೆಲ್ಲ ನೆರೆದಿದ್ದರು. ಓದಿದವರಿಗೆಲ್ಲ ಬಾಯಿಪಾಠವಾಗಿದ್ದ, ನೂರಾರು ಪಾತ್ರಗಳಿದ್ದ ಆ ಕಥೆಯನ್ನು ಲಿನೇಯಸ್ ಎತ್ತಿಕೊಂಡ.

ಹಾಗೆಂದು ಕಣ್ಣುಮುಚ್ಚಿ ಹೆಸರು ಹಂಚಿದವನಲ್ಲ ಅವನು. ದೊಡ್ಡ ರೆಕ್ಕೆಯ ಚಿಟ್ಟೆಗಳಿಗೆ 'ಅಶ್ವಾರೋಹಿಗಳು' ಎಂಬ ಪಂಗಡ ಮಾಡಿ, ಅದನ್ನು ಎರಡು ಪಾಳೆಯಗಳಾಗಿ ಒಡೆದ. ಎದೆಯ ಮೇಲೆ ರಕ್ತದ ಬಣ್ಣದ ಕಲೆಯಿದ್ದವು, ಹೆಚ್ಚಾಗಿ ಕಪ್ಪಗಿದ್ದವು, ಟ್ರಾಯ್ ಕಡೆಯವು. ಎದೆ ಕೆಂಪಾಗದೆ ಹಿಂರೆಕ್ಕೆಯ ತುದಿಯಲ್ಲಿ ಕಣ್ಣಿನಂಥ ಚುಕ್ಕೆ ಇದ್ದವು ಗ್ರೀಕರ ಕಡೆಯವು. ಸೋತವರ ಎದೆಯಲ್ಲಿ ನೆತ್ತರು. ವರ್ಗೀಕರಣದ ಒಣ ಪಟ್ಟಿಯೊಳಗೆ ಒಂದು ಯುದ್ಧದ ದುಃಖವನ್ನು ಇಷ್ಟು ಚಿಕ್ಕದಾಗಿ ಹಿಡಿದಿಟ್ಟ ವಿಜ್ಞಾನಿ ನನಗೆ ಇನ್ನೊಬ್ಬ ಗೊತ್ತಿಲ್ಲ.

ಟ್ರಾಯ್ ಪಾಳೆಯದ ಮಹಾವೀರ ಹೆಕ್ಟರ್‌ನ ಹೆಸರು ಸಂದದ್ದು ಈಗ ಕ್ರಿಮ್ಸನ್ ರೋಸ್ ಎಂದು ನಾವು ಕರೆಯುವ ಚಿಟ್ಟೆಗೆ. ಹೂವಿನ ಮೇಲೆ ಅದು ಕೂತಾಗ ನೋಡಬೇಕು. ಕಾಡಿಗೆಗಪ್ಪು ರೆಕ್ಕೆ, ಮುಂರೆಕ್ಕೆಗೆ ಅಡ್ಡಲಾಗಿ ಬಿಳಿ ಪಟ್ಟಿ, ಹಿಂರೆಕ್ಕೆಯಲ್ಲಿ ಸಾಲು ಕೆಂಪು ಚುಕ್ಕೆ, ತಲೆ ಮತ್ತು ಮೈ ಕಡುಗೆಂಪು. ಹಕ್ಕಿಗಳ ಭಯವೇ ಇಲ್ಲದಂತೆ ನಿಧಾನವಾಗಿ ಹಾರುತ್ತದೆ. ಆ ನಿಧಾನಕ್ಕೆ ಕಾರಣವಿದೆ. ಇದರ ಮರಿಹುಳು ತಿನ್ನುವುದು ಈಶ್ವರಿ ಬಳ್ಳಿಯ ಎಲೆ. ಆ ಬಳ್ಳಿಯಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮನುಷ್ಯರ ಮೂತ್ರಪಿಂಡವನ್ನೇ ಕೆಡಿಸಬಲ್ಲ ವಿಷ. ಹುಳು ಅದನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ, ಚಿಟ್ಟೆಯಾದ ಮೇಲೂ ಅದು ಉಳಿಯುತ್ತದೆ. ಒಮ್ಮೆ ಕಚ್ಚಿ ಪಾಠ ಕಲಿತ ಹಕ್ಕಿ ಆ ಕೆಂಪನ್ನು ಮರೆಯುವುದಿಲ್ಲ. ಲಿನೇಯಸ್ ಗಾಯದ ಗುರುತು ಎಂದುಕೊಂಡದ್ದು ನಿಜಕ್ಕೂ ಎಚ್ಚರಿಕೆಯ ಫಲಕ.

ಇದು ಲಿನೇಯಸ್‌ಗೆ ತಿಳಿಯುವಂತಿರಲಿಲ್ಲ. ಸ್ವೀಡನ್ ರಾಣಿ ಲೊವಿಸಾ ಉಲ್ರಿಕಾಳ ಸಂಗ್ರಹದಂಥ ಕಡೆಗಳಲ್ಲಿ, ಹಡಗುಗಳಲ್ಲಿ ಬಂದು ಸೂಜಿಗೆ ಸಿಕ್ಕಿಸಲ್ಪಟ್ಟ ಸತ್ತ ಚಿಟ್ಟೆಗಳನ್ನಷ್ಟೇ ಅವನು ಕಂಡದ್ದು. ಅವು ಏನು ತಿನ್ನುತ್ತವೆ, ಯಾವುದು ಯಾವುದರೊಡನೆ ಕೂಡುತ್ತದೆ ಎಂಬುದನ್ನು ಸೂಜಿ ಹೇಳುವುದಿಲ್ಲ. ಹೀಗಾಗಿ ಎಡವಟ್ಟುಗಳಾದವು. ಏಷ್ಯಾದಿಂದ ಬಂದ, ಹಿಂರೆಕ್ಕೆಯಲ್ಲಿ ಬಿಳಿ ಚುಕ್ಕೆಗಳ ಸಾಲಿದ್ದ ಕಪ್ಪು ಚಿಟ್ಟೆಗೆ ಅವನು ಪಾಮನ್ ಎಂದ. ಕೆಂಪು-ಬಿಳಿ ಮಚ್ಚೆಯ ಇನ್ನೊಂದಕ್ಕೆ ಪಾಲಿಟೀಸ್ ಎಂದ. ಇಬ್ಬರೂ ಪ್ರಿಯಾಮನ ಮಕ್ಕಳೇ. ಆದರೆ ಪಾಮನ್ ಎನಿಸಿಕೊಂಡದ್ದು ಗಂಡು, ಪಾಲಿಟೀಸ್ ಅದರದೇ ಹೆಣ್ಣು! ಪ್ರಿಯಾಮನ ಹೆಸರಿನ ಭಾರಿ ಚಿಟ್ಟೆಗೂ ಹೀಗೇ ಆಯಿತು. ಅದರ ಹೆಣ್ಣಿಗೆ ಪ್ಯಾಂಥೂಸ್ ಎಂಬ ಟ್ರಾಯ್ ಹಿರಿಯನ ಹೆಸರು ಬಿತ್ತು.

ಪಾಲಿಟೀಸ್‌ನ ಗೊಂದಲ ಬಿಡಿಸಿದವರು ಪ್ರಕೃತಿ ವಿಜ್ಞಾನಿ ಆಲ್‌ಫ್ರೆಡ್ ರಸೆಲ್ ವಾಲೇಸ್. ಮಲಯ ದ್ವೀಪಗಳಲ್ಲಿ ಎಂಟು ವರ್ಷ ಅಲೆದು ಬಂದ ಅವರು, 1865ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇವೆಲ್ಲ ಒಂದೇ ಜಾತಿ ಎಂದು ತೋರಿಸಿದರು. ಗಂಡಿಗೆ ಒಂದೇ ರೂಪ, ಹೆಣ್ಣಿಗೆ ಹಲವು. ನಮ್ಮ ಕಡೆ ಮೂರು ರೂಪದ ಹೆಣ್ಣುಗಳಿವೆ. ಒಂದು ಗಂಡಿನಂತೆಯೇ ಇರುತ್ತದೆ. ಇನ್ನೊಂದು ಕಾಮನ್ ರೋಸ್ ಎಂಬ ವಿಷದ ಚಿಟ್ಟೆಯನ್ನು ಹೋಲುತ್ತದೆ. ಮೂರನೆಯದು ಹೆಕ್ಟರ್‌ನ ವೇಷ ಹಾಕುತ್ತದೆ. ಪಾಲಿಟೀಸ್‌ಗೆ ವಿಷವಿಲ್ಲ, ಕರಿಬೇವು-ನಿಂಬೆ ತಿಂದು ಬೆಳೆದ ಅದು ಹಕ್ಕಿಗೆ ಒಳ್ಳೆಯ ತುತ್ತು. ವಿಷವಿದ್ದವರ ವೇಷ ತೊಟ್ಟು ಜೀವ ಉಳಿಸಿಕೊಳ್ಳುತ್ತದೆ. ಟ್ರಾಯ್ ಕಥೆಯಲ್ಲೂ ಒಬ್ಬ ವೀರನ ಕವಚ ತೊಟ್ಟು ಇನ್ನೊಬ್ಬ ರಣರಂಗಕ್ಕೆ ಇಳಿಯುತ್ತಾನೆ. ಅಕಿಲೀಸನ ಕವಚ ತೊಟ್ಟ ಅವನ ಗೆಳೆಯ ಪೆಟ್ರೋಕ್ಲಸ್‌ನನ್ನು ಕೊಂದವನು ಹೆಕ್ಟರ್.

ವೇಷ ಕಂಡುಹಿಡಿಯಬೇಕಾದರೆ ರೆಕ್ಕೆ ಬಿಟ್ಟು ಮೈ ನೋಡಿ. ಅಸಲಿ ರೋಸ್‌ಗಳ ಮೈ ಕೆಂಪು, ಪಾಲಿಟೀಸ್ ಹೆಣ್ಣಿನ ಮೈ ಕಪ್ಪು. ರೆಕ್ಕೆಯ ಮೇಲಿನ ಬಣ್ಣ, ಪಟ್ಟಿ, ಚುಕ್ಕೆ ಎಲ್ಲವೂ ಒಟ್ಟಿಗೇ ಹೇಗೆ ಬದಲಾಗುತ್ತವೆ, ಅರ್ಧ ಇದು ಅರ್ಧ ಅದು ಎಂಬ ಕಲಬೆರಕೆ ಏಕೆ ಹುಟ್ಟುವುದಿಲ್ಲ ಎಂಬ ಪ್ರಶ್ನೆ ಬಹುಕಾಲ ಉಳಿದಿತ್ತು. 2014ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ ಕೃಷ್ಣಮೇಘ್ ಕುಂಟೆ ಮತ್ತು ಷಿಕಾಗೋ ವಿಶ್ವವಿದ್ಯಾಲಯದ ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ಡಬಲ್‌ಸೆಕ್ಸ್ ಎಂಬ ಒಂದೇ ಜೀನ್ ಇಡೀ ವೇಷವನ್ನು ನಡೆಸುತ್ತದೆ. ಕೀಟಗಳಲ್ಲಿ ಗಂಡು-ಹೆಣ್ಣು ದೇಹ ರೂಪಿಸುವ ಹಳೆಯ ಜೀನ್ ಅದು. ವೇಷದ ಹೆಣ್ಣುಗಳಲ್ಲಿ ಆ ಭಾಗದ ಡಿಎನ್‌ಎ ತಲೆಕೆಳಗಾಗಿ ಜೋಡಣೆಗೊಂಡಿದೆ. ಆದ್ದರಿಂದ ತಾಯಿಯ ಪ್ರತಿ, ತಂದೆಯ ಪ್ರತಿ ಒಂದರೊಡನೊಂದು ತುಂಡು ಅದಲುಬದಲು ಮಾಡಿಕೊಳ್ಳಲಾರವು. ವೇಷ ಒಡೆಯದೆ, ಒಂದೇ ಗಂಟಾಗಿ ಮುಂದಿನ ತಲೆಮಾರಿಗೆ ಹೋಗುತ್ತದೆ. ಗಂಡಿನಲ್ಲೂ ಈ ಜೀನ್ ಇರಬಹುದು, ಆದರೆ ಅವನ ರೆಕ್ಕೆಯ ಮೇಲೆ ಅದು ಕಾಣಿಸಿಕೊಳ್ಳುವುದಿಲ್ಲ.

ಕರ್ನಾಟಕದ ರಾಜ್ಯ ಚಿಟ್ಟೆಯೂ ಈ ವಂಶದ್ದೇ. ಸದರ್ನ್ ಬರ್ಡ್‌ವಿಂಗ್, ಟ್ರಾಯ್ಡಿಸ್ ಮೈನೋಸ್. ಕಪ್ಪು ಮುಂರೆಕ್ಕೆ, ಅರಿಶಿನ ಬಣ್ಣದ ಹಿಂರೆಕ್ಕೆ, ಕತ್ತಿನ ಬಳಿ ಲಿನೇಯಸ್ ಹೇಳಿದ ಅದೇ ಕೆಂಪು. ಇದರ ಹುಳುವೂ ಈಶ್ವರಿ ಬಳ್ಳಿಯ ಕುಲದ ಎಲೆಯನ್ನೇ ತಿನ್ನುತ್ತದೆ. ಮಲೆನಾಡಿನಲ್ಲಿ ಆ ಬಳ್ಳಿಗಳನ್ನು ಕಡಿದುಹಾಕಿದರೆ ರಾಜ್ಯ ಚಿಟ್ಟೆ ಎಂಬ ಪಟ್ಟ ಕೊಟ್ಟು ಫಲವಿಲ್ಲ. ಮೈನೋಸ್ ಕ್ರೀಟ್ ದ್ವೀಪದ ದೊರೆ, ಸತ್ತ ಮೇಲೆ ಪಾತಾಳದಲ್ಲಿ ಮೂವರು ನ್ಯಾಯಾಧೀಶರಲ್ಲಿ ಒಬ್ಬನಾದವನು.  ಉಳಿದ ಇಬ್ಬರು ನ್ಯಾಯಾಧೀಶರು ಅಯಕಸ್ ಮತ್ತು ರಾಡಮಾಂತಸ್. ಅವರ ಹೆಸರಿನ ಬರ್ಡ್‌ವಿಂಗ್‌ಗಳೂ ಇವೆ, ಒಂದು ಹಿಮಾಲಯದಲ್ಲಿ, ಇನ್ನೊಂದು ಫಿಲಿಪ್ಪೀನ್ಸ್‌ನಲ್ಲಿ. ಭಾರತದ ಅತಿದೊಡ್ಡ ಚಿಟ್ಟೆ ಎಂಬ ಹೆಸರು ದಶಕಗಟ್ಟಲೆ ನಮ್ಮ ಮೈನೋಸ್‌ಗೇ ಇತ್ತು, 190 ಮಿಲಿಮೀಟರ್ ರೆಕ್ಕೆಯಗಲ. ಉತ್ತರಾಖಂಡದ ಅಯಕಸ್ ಹೆಣ್ಣೊಂದು 194 ಮಿಲಿಮೀಟರ್ ಇದೆ ಎಂದು 2020ರಲ್ಲಿ ದಾಖಲಾಗಿ ಆ ಪಟ್ಟ ಕೈತಪ್ಪಿತು.

ಟ್ರಾಯ್ ಕಥೆಯ ಹೆಸರುಗಳು ಚಿಟ್ಟೆಗಳಿಗಷ್ಟೇ ನಿಲ್ಲಲಿಲ್ಲ. ಗ್ರೀಕ್ ಯೋಧರನ್ನು ಒಳಗೆ ಅಡಗಿಸಿಕೊಂಡು ಕೋಟೆ ಹೊಕ್ಕ ಮರದ ಕುದುರೆ ಕಂಪ್ಯೂಟರಿಗೆ ಹೊಕ್ಕದ್ದು 1970ರ ದಶಕದಲ್ಲಿ. ಉಪಯೋಗಕ್ಕೆ ಬರುವಂತೆ ತೋರಿ, ಒಳಗೆ ಬೇರೆ ಕೆಲಸ ಮಾಡುವ ತಂತ್ರಾಂಶಕ್ಕೆ ಟ್ರೋಜನ್ ಎಂದರು. ಈಗ ವಾಟ್ಸ್ಆ್ಯಪ್‌ನಲ್ಲಿ ಮದುವೆ ಕರೆಯೋಲೆಯ ರೂಪದಲ್ಲಿ ಬಂದು, ತೆರೆದವರ ಬ್ಯಾಂಕ್ ಖಾತೆಗೆ ಕನ್ನ ಹಾಕುವ ಎಪಿಕೆ ಫೈಲು ಅದರದೇ ಮರಿ. ಕುದುರೆಯನ್ನು ಒಳಗೆ ಬಿಡಬೇಡಿ ಎಂದು ಟ್ರಾಯ್ ಜನರನ್ನು ಎಚ್ಚರಿಸಿದ ಪುರೋಹಿತ ಲಾವೊಕೂನ್.  

ಆಕಾಶದಲ್ಲಂತೂ ಆ ಯುದ್ಧದ ಎರಡೂ ಪಾಳೆಯಗಳು ಬೀಡುಬಿಟ್ಟಿವೆ. ಸೂರ್ಯನನ್ನು ಗ್ರಹವೊಂದು ಸುತ್ತುವಾಗ, ಅದೇ ಕಕ್ಷೆಯಲ್ಲಿ ಗ್ರಹದ ಮುಂದೆ 60 ಡಿಗ್ರಿಯಲ್ಲೊಂದು, ಹಿಂದೆ 60 ಡಿಗ್ರಿಯಲ್ಲೊಂದು ಜಾಗವಿರುತ್ತದೆ. ಅಲ್ಲಿ ಚಿಕ್ಕ ಕಾಯವೊಂದು ಕದಲದೆ ಜೊತೆಯಾಗಿ ಸಾಗಬಲ್ಲದು ಎಂದು 1772ರಲ್ಲಿ ಗಣಿತಜ್ಞ ಲಗ್ರಾಂಜ್ ಲೆಕ್ಕ ಹಾಕಿದ್ದರು. ಇಸ್ರೋದ ಆದಿತ್ಯ-ಎಲ್1 ಇರುವುದೂ ಇಂಥದೇ ಒಂದು ಲಗ್ರಾಂಜ್ ಬಿಂದುವಿನ ಬಳಿ. ಆದರೆ ಎಲ್1 ಅಷ್ಟು ಸ್ಥಿರವಲ್ಲ, ಅಲ್ಲಿ ಉಳಿಯಲು ನೌಕೆ ಆಗಾಗ ಎಂಜಿನ್ ಉರಿಸಿ ದಾರಿ ಸರಿಪಡಿಸಿಕೊಳ್ಳಬೇಕು. ಮೇಲೆ ಹೇಳಿದ 60 ಡಿಗ್ರಿಯ ಜಾಗಗಳಾದ ಎಲ್4, ಎಲ್5 ಹಾಗಲ್ಲ. ಗುರುಗ್ರಹದ ಆ ಎರಡು ಬಿಂದುಗಳ ಸುತ್ತ ಬಂಡೆಗಳು ನೂರಾರು ಕೋಟಿ ವರ್ಷಗಳಿಂದ ಹಾಗೇ ಇವೆ. ಅವುಗಳಲ್ಲಿ ಮೊದಲನೆಯದನ್ನು 1906ರಲ್ಲಿ ಹೈಡೆಲ್‌ಬರ್ಗ್‌ನ ಮ್ಯಾಕ್ಸ್ ವುಲ್ಫ್ ಕಂಡುಹಿಡಿದರು. ಅದಕ್ಕೆ ಅಕಿಲೀಸ್ ಎಂದು ಹೆಸರಾಯಿತು. ವಿಯೆನ್ನಾದ ಯೋಹಾನ್ ಪಲೀಸಾ ಅವರ ಸಲಹೆಯಂತೆ ಮುಂದಿನವುಗಳಿಗೂ ಟ್ರಾಯ್ ಯುದ್ಧದ ಹೆಸರುಗಳೇ ಬಂದವು. ಗುರುವಿಗಿಂತ ಮುಂದಿರುವವು ಗ್ರೀಕರು, ಹಿಂದಿರುವವು ಟ್ರಾಯ್‌ನವರು ಎಂಬ ನಿಯಮ ಗಟ್ಟಿಯಾಗುವ ಹೊತ್ತಿಗೆ ಎರಡು ಹೆಸರು ಆಗಲೇ ಇಟ್ಟಾಗಿತ್ತು. ಹೀಗಾಗಿ ಹೆಕ್ಟರ್ ಗ್ರೀಕರ ನಡುವೆ, ಪೆಟ್ರೋಕ್ಲಸ್ ಟ್ರಾಯ್ ಪಾಳೆಯದಲ್ಲಿ ಸಿಕ್ಕಿಕೊಂಡಿದ್ದಾರೆ. ಕೊಂದವನೂ ಸತ್ತವನೂ ಶತ್ರುಗಳ ಜೊತೆ.

ಇವುಗಳಲ್ಲಿ ಅತಿದೊಡ್ಡದು ಹೆಕ್ಟರ್‌ ಹೆಸರಿನದೇ, ಸುಮಾರು 400 ಕಿಲೋಮೀಟರ್ ಉದ್ದದ ಕಾಯ. 2006ರಲ್ಲಿ ಅದಕ್ಕೊಂದು ಚಂದ್ರ ಇರುವುದು ಕಂಡಿತು, ಹೆಕ್ಟರ್‌ನ ಎಳೆಯ ಮಗನ ಹೆಸರನ್ನೇ ಅದಕ್ಕಿಟ್ಟರು: ಸ್ಕಮಾಂಡ್ರಿಯಸ್. ಈವರೆಗೆ ಗೊತ್ತಾಗಿರುವ ಇಂಥ ಕ್ಷುದ್ರಗ್ರಹಗಳು ಹತ್ತು ಸಾವಿರಕ್ಕೂ ಹೆಚ್ಚು. ಹೋಮರನ ಕಣಜವೂ ಅಷ್ಟಕ್ಕೆ ಸಾಲದು. ಚಿಕ್ಕವುಗಳಿಗೆ ಒಲಿಂಪಿಕ್ ಕ್ರೀಡಾಪಟುಗಳ ಹೆಸರಿಡಬಹುದು ಎಂದು ಅಂತಾರಾಷ್ಟ್ರೀಯ ಖಗೋಳ ಒಕ್ಕೂಟ 2018ರಲ್ಲಿ ನಿಯಮ ಸಡಿಲಿಸಿತು.

ಇನ್ನು ಉಳಿದಿರುವುದು ಹೋಗಿ ನೋಡುವುದು. 2021ರ ಅಕ್ಟೋಬರ್ 16ರಂದು ನಾಸಾ ಹಾರಿಸಿದ ಲೂಸಿ ನೌಕೆ ಆ ದಾರಿಯಲ್ಲಿದೆ. 2027ರಲ್ಲಿ ಗ್ರೀಕ್ ಪಾಳೆಯ ಮುಟ್ಟಿ, ಸುತ್ತಿ ಬಂದು, 2033ರಲ್ಲಿ ಪೆಟ್ರೋಕ್ಲಸ್‌ನ ಪಕ್ಕದಲ್ಲಿ ಹಾಯಬೇಕು. ಪೆಟ್ರೋಕ್ಲಸ್ ಒಂಟಿಯಲ್ಲ. ಅವನ ತಂದೆ ಮೆನೀಶಿಯಸ್‌ನ ಹೆಸರಿನ, ಹೆಚ್ಚುಕಡಿಮೆ ಅಷ್ಟೇ ಗಾತ್ರದ ಬಂಡೆಯೊಂದು ಜೊತೆಗಿದೆ. ನೂರು ಕಿಲೋಮೀಟರ್ ಮೀರಿದ ಇವೆರಡೂ ನಾಲ್ಕು ದಿನಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ. ಗ್ರಹಗಳು ಹುಟ್ಟುವಾಗ ಉಳಿದುಹೋದ ಸಾಮಗ್ರಿ ಇದು. ಕೆಲವು ಬಂಡೆ ಬೂದು, ಕೆಲವು ಕೆಂಪುಛಾಯೆಯವು. ಒಂದೇ ಕಕ್ಷೆಯಲ್ಲಿರುವ ಇವೆಲ್ಲ ಸೌರವ್ಯೂಹದ ಬೇರೆಬೇರೆ ಮೂಲೆಗಳಲ್ಲಿ ಹುಟ್ಟಿ, ದೈತ್ಯಗ್ರಹಗಳು ಜಾಗ ಬದಲಿಸಿದಾಗ ಇಲ್ಲಿ ಸೆರೆ ಸಿಕ್ಕವೇ ಎಂಬುದನ್ನು ಲೂಸಿಯ ಉಪಕರಣಗಳು ಆ ಬಣ್ಣಗಳಿಂದಲೇ ಅಳೆದು ನೋಡಲಿವೆ.